ಗುಳ್ಳೆ ಚಹಾದ ಗುಲ್ಲು

ಕಳೆದ ಸಂಚಿಕೆಯ ವಾಚಕರ ಪತ್ರಗಳ ಪುಟದಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಬರೆದ ಪತ್ರ ಓದುಗರಿಗೆ ನೆನಪಿರಬಹುದು. ಮಾಲುಗಳಲ್ಲಿ, ಕಾಲೇಜುಗಳ ಸುತ್ತಮುತ್ತ, ಈಗೀಗ ರೈಲ್ವೆ ಸ್ಟೇಷನ್ನಿನ ಹೊರಗೂ ಮಾರಾಟವಾಗುತ್ತಿರುವ ‘ಬಬಲ್ ಟೀ’ ಎಂಬ ಪಾನೀಯದ ಮೇಲೆ ಆ ಮಹನೀಯರು ಎರಡು ಆಪಾದನೆಗಳನ್ನು ಹೊರಿಸಿದ್ದಾರೆ. ಅದರ ತಳದಲ್ಲಿರುವ ಕರಿಯ ಗೋಲಿಗಳು ರಬ್ಬರಿನಂಥ ಕಸ, ನಮ್ಮ ಮಕ್ಕಳ ಹೊಟ್ಟೆಗೆ ಸಲ್ಲದ್ದು ಎಂಬುದು ಒಂದು. ಅದರಲ್ಲಿ ಹೊಸತೇನೂ ಇಲ್ಲ, ನಮ್ಮ ಅಜ್ಜಿಯಂದಿರ ಸಬ್ಬಕ್ಕಿ ಪಾಯಸವನ್ನೇ ಚೀನೀಯರು ಕದ್ದು, ಮೇಲೆ ಚಹಾ ಸುರಿದು, ಇನ್ನೂರು ಮುನ್ನೂರು ರೂಪಾಯಿಗೆ ನಮಗೇ ಮಾರುತ್ತಿದ್ದಾರೆ ಎಂಬುದು ಇನ್ನೊಂದು. ಪತ್ರ ಅಚ್ಚಾದ ವಾರದಲ್ಲೇ ಸಂಘದ ಕಾರ್ಯಕಾರಿ ಸಮಿತಿಯು, ರಾಜ್ಯೋತ್ಸವದ ತಿಂಡಿ ಮೇಳದಲ್ಲಿ ಈ ಚಹಾದ ಮಳಿಗೆಯೊಂದನ್ನು ಇಡುತ್ತೇವೆಂದು ನಮ್ಮ ಹುಡುಗ ಹುಡುಗಿಯರು ಕೊಟ್ಟಿದ್ದ ಅರ್ಜಿಯನ್ನು ತಳ್ಳಿಹಾಕಿತು. ಪತ್ರದಲ್ಲಿದ್ದ ಎರಡೂ ಮಾತುಗಳನ್ನು ಸಭೆಯಲ್ಲಿ ಯಥಾವತ್ತಾಗಿ ಉದ್ಧರಿಸಲಾಯಿತಂತೆ.

ಕದ್ದ ಮಾಲೂ ಹೌದು, ಕಸವೂ ಹೌದು! ಅಜ್ಜಿಯ ಪಾಯಸವೇ ಆಗಿದ್ದರೆ ಅದು ಕಸ ಹೇಗಾದೀತು? ಕಸವೇ ಆಗಿದ್ದರೆ ಅದನ್ನು ತಂದು ಪಾಪ, ಅಜ್ಜಿಯ ತಲೆಗೇಕೆ ಕಟ್ಟಬೇಕು? ನಾವು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ, ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆಯುತ್ತಾ ಬಂದವರು. ಒಂದಕ್ಕೊಂದು ಹೊಂದದ ಎರಡು ಕಾರಣ ಕೊಟ್ಟು ಅರ್ಜಿಯೊಂದನ್ನು ತಿರಸ್ಕರಿಸಿದರೆ ನಮ್ಮ ಮೇಲಧಿಕಾರಿಗಳು ಆ ಕಡತವನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತಾರೆ. ಸಂಘದ ಸಮಿತಿಗೆ ಮೇಲಧಿಕಾರಿ ಯಾರೂ ಇಲ್ಲದ ಕಾರಣ ಈ ಪುಟಗಳಲ್ಲೇ ಅದನ್ನು ಮರುಪರಿಶೀಲನೆಗೆ ಇಡುತ್ತಿದ್ದೇವೆ.

ಮೊದಲು ಕಳ್ಳತನದ ವಿಷಯ. ಈ ಚಹಾ ಹುಟ್ಟಿದ್ದು ಚೀನಾದಲ್ಲಲ್ಲ, ತೈವಾನ್ ದ್ವೀಪದಲ್ಲಿ. ಸುಮಾರು 36,000 ಚದರ ಕಿಲೋಮೀಟರಿನ ನಾಡು ಅದು. ನಮ್ಮ ಕರ್ನಾಟಕದ ಐದರಲ್ಲೊಂದು ಪಾಲಿಗೂ ಕೊಂಚ ಕಡಿಮೆ. ಹುಟ್ಟಿದ್ದು ಪುರಾಣಕಾಲದಲ್ಲೂ ಅಲ್ಲ, 1980ರ ದಶಕದಲ್ಲಿ. ನಾವು ಚಡ್ಡಿ ತೊಟ್ಟು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಹೊಟ್ಟೆಗೆ ತಿನ್ನುವ ಎಷ್ಟೋ ಪದಾರ್ಥಗಳನ್ನು ಮೊದಲು ಮಾಡಿದವರು ಯಾರೆಂಬುದು ನಮಗೆ ತಿಳಿಯದು. ಪಾಯಸದ ಮೂಲಪುರುಷ ಯಾರು, ದೋಸೆಯನ್ನು ಮೊದಲು ಹುಯ್ದ ತಾಯಿ ಯಾರು? ಈ ಚಹಾದ ವಿಷಯದಲ್ಲಾದರೋ ಊರು, ಅಂಗಡಿ, ಮಾಡಿದವರ ಹೆಸರು ಎಲ್ಲವೂ ಸಿಗುತ್ತವೆ. ಸಿಗುವುದಷ್ಟೇ ಅಲ್ಲ, ಒಂದಕ್ಕೆ ಎರಡಾಗಿ ಸಿಗುತ್ತವೆ!

ತೈಚುಂಗ್ ಎಂಬ ಪಟ್ಟಣದಲ್ಲಿ ಲಿಯು ಹಾನ್ ಚಿಯೆ ಎಂಬವರು 1983ರಲ್ಲಿ ಒಂದು ಚಹಾದಂಗಡಿ ತೆರೆದರು. ಮುಂದೆ ಅದಕ್ಕೆ ಚುನ್ ಶುಯಿ ತಾಂಗ್ ಎಂಬ ಹೆಸರಾಯಿತು. ಅಲ್ಲಿನ ಜನಕ್ಕೆ ಚಹಾ ಎಂದರೆ ಪುಟ್ಟ ಬಟ್ಟಲಿನಲ್ಲಿ ಬಿಸಿಬಿಸಿಯಾಗಿ, ಸಾವಧಾನವಾಗಿ ಕುಡಿಯುವ ಪದಾರ್ಥ. ಜಪಾನಿನಲ್ಲಿ ಜನ ಕಾಫಿಯನ್ನು ತಣ್ಣಗೆ ಮಾಡಿ ಕುಡಿಯುವುದನ್ನು ಕಂಡು ಬಂದ ಲಿಯು, ಚಹಾಕ್ಕೆ ಮಂಜುಗಡ್ಡೆಯನ್ನೂ ಸಕ್ಕರೆ ಪಾಕವನ್ನೂ ಹಾಕಿ, ಮದ್ಯದಂಗಡಿಗಳಲ್ಲಿ ಮಿಶ್ರಣ ಕುಲುಕುವ ಪಾತ್ರೆಯಲ್ಲಿ ಚೆನ್ನಾಗಿ ಕುಲುಕಿ ಕೊಡತೊಡಗಿದರು. ಕುಲುಕಿದಾಗ ಮೇಲೆ ನೊರೆ ಬಂತು. ಆ ನೊರೆಯ ಗುಳ್ಳೆಗಳೇ ‘ಬಬಲ್’! ತಳದ ಗೋಲಿಗಳಿಗೂ ಆ ಹೆಸರಿಗೂ ಸಂಬಂಧವಿಲ್ಲ. ಗೋಲಿ ಬರುವ ಮೊದಲೇ ನೊರೆ ಚಹಾ ಅಲ್ಲಿ ಜನಪ್ರಿಯವಾಗಿತ್ತು. ಗೋಲಿಯನ್ನೇ ಗುಳ್ಳೆ ಎಂದು ತಿಳಿದು ನಮ್ಮ ಹಿರಿಯರು ಪತ್ರದಲ್ಲಿ ‘ಬಾಯಲ್ಲಿ ಒಡೆಯದ ಗುಳ್ಳೆ’ ಎಂದು ಹಾಸ್ಯ ಮಾಡಿದ್ದಾರೆ. ಒಡೆಯುವ ಗುಳ್ಳೆ ಲೋಟದ ಮೇಲ್ಭಾಗದಲ್ಲಿದೆ, ಸ್ವಾಮಿ.

ಅದೇ ಅಂಗಡಿಯವರು ಹೇಳಿಕೊಳ್ಳುವ ಪ್ರಕಾರ, ದಶಕದ ಕೊನೆಯ ಭಾಗದಲ್ಲಿ ಒಂದು ದಿನ ಸಿಬ್ಬಂದಿಯ ಸಭೆ ನಡೆದಿತ್ತು. ಲಿನ್ ಶಿಯು ಹುಯಿ ಎಂಬ ಮಹಿಳೆ ತಿನ್ನಲೆಂದು ತಂದಿದ್ದ ‘ಫೆನ್ ಯುವಾನ್’ ಎಂಬ ಸಿಹಿಯನ್ನು ಎದುರಿಗಿದ್ದ ತಣ್ಣನೆಯ ಚಹಾಕ್ಕೆ ಸುರಿದುಕೊಂಡರು. ಫೆನ್ ಯುವಾನ್ ಎಂದರೆ ಮರಗೆಣಸಿನ ಹಿಟ್ಟಿನ ಉಂಡೆಗಳು. ಅಲ್ಲಿನ ಸಂತೆಗಳಲ್ಲಿ ಹೆರೆದ ಮಂಜುಗಡ್ಡೆಯ ಮೇಲೆ ಹಾಕಿಕೊಂಡು ತಿನ್ನುವ ಹಳೆಯ ತಿಂಡಿ. ಸಭೆಯಲ್ಲಿದ್ದವರಿಗೆಲ್ಲ ರುಚಿ ಹಿಡಿಸಿತು. ಕೆಲವೇ ತಿಂಗಳಲ್ಲಿ ಅಂಗಡಿಯ ಉಳಿದೆಲ್ಲ ಚಹಾಗಳನ್ನೂ ಅದು ಹಿಂದೆ ಹಾಕಿತು. ನಮ್ಮ ಸಂಘದ ಸಭೆಗಳಲ್ಲಿ ಎಷ್ಟೋ ವರ್ಷಗಳಿಂದ ಚಹಾ ಬಿಸ್ಕೀಟು ಖರ್ಚಾಗುತ್ತಿದ್ದರೂ ಇಂಥದ್ದೊಂದು ಫಲ ದೊರೆತದ್ದು ನಮಗೆ ತಿಳಿಯದು.

ಇನ್ನೊಂದು ಕಥೆ ದಕ್ಷಿಣದ ತೈನಾನ್ ಪಟ್ಟಣದ್ದು. ಅಲ್ಲಿ ಹಾನ್‌ಲಿನ್ ಎಂಬ ಚಹಾದಂಗಡಿಯ ತು ತ್ಸೊಂಗ್ ಹೆ ಎಂಬವರು, 1986ರಲ್ಲಿ ಸಂತೆಯಲ್ಲಿ ಬಿಳಿಯ ಫೆನ್ ಯುವಾನ್ ಕಂಡು, ಅದನ್ನು ಹಸಿರು ಚಹಾಕ್ಕೆ ಹಾಕಿ ನೋಡಿದ್ದು ತಾವೇ ಎನ್ನುತ್ತಾರೆ. ಹೊಂಬಣ್ಣದ ಚಹಾದಲ್ಲಿ ಆ ಪಾರದರ್ಶಕ ಉಂಡೆಗಳು ತಮ್ಮ ತಾಯಿಯ ಮುತ್ತಿನ ಸರದಂತೆ ಕಂಡವಂತೆ. ಆದ್ದರಿಂದ ‘ಮುತ್ತಿನ ಚಹಾ’ ಎಂಬ ಹೆಸರು. ಈಗ ನಾವು ಕಾಣುವ ಕಪ್ಪು ಬಣ್ಣ ಕಂದು ಸಕ್ಕರೆಯ ಪಾಕದ ಪ್ರಭಾವ. (‘ಬೋಬಾ’ ಎಂಬ ಮೂರನೆಯ ಹೆಸರೂ ಚಾಲ್ತಿಯಲ್ಲಿದೆ. ಅದರ ಮೂಲಾರ್ಥ ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.)

ಈ ಎರಡು ಅಂಗಡಿಗಳು ‘ನಾನು ಮೊದಲು, ನಾನು ಮೊದಲು’ ಎಂದು ಹತ್ತು ವರ್ಷಗಳ ಕಾಲ ಕೋರ್ಟಿನಲ್ಲಿ ಬಡಿದಾಡಿದವು. 2019ರಲ್ಲಿ ವ್ಯಾಜ್ಯ ಮುಗಿಯಿತು. ಇದು ಪೇಟೆಂಟು ಪಡೆದ ವಸ್ತುವಲ್ಲ, ಯಾವ ಅಂಗಡಿಯವನೂ ಮಾಡಿ ಮಾರಬಹುದಾದ ಪಾನೀಯ. ಆದ್ದರಿಂದ ಮೊದಲು ಮಾಡಿದವರು ಯಾರೆಂದು ನಿರ್ಧರಿಸುವ ಅಗತ್ಯವೇ ಇಲ್ಲವೆಂದು ತೀರ್ಮಾನವಾಯಿತು. ಹತ್ತು ವರ್ಷದ ವಕೀಲರ ಫೀಸು ನೀರುಪಾಲಾಯಿತು ಎನ್ನಬಹುದು. ಆದರೆ ಒಂದನ್ನು ಗಮನಿಸಬೇಕು. ಯಾವ ಅಂಗಡಿ ಎಂಬುದು ಇತ್ಯರ್ಥವಾಗದಿದ್ದರೂ ಯಾವ ನಾಡು ಎಂಬ ವಿಷಯದಲ್ಲಿ ಆ ಇಬ್ಬರಿಗೂ ತಕರಾರಿಲ್ಲ. ಇಬ್ಬರು ತೈವಾನಿಗರು ಹತ್ತು ವರ್ಷ ಹೋರಾಡಿಯೂ ಪಡೆಯಲಾಗದ ಹಕ್ಕನ್ನು ನಮ್ಮ ಹಿರಿಯರು ಒಂದು ಪೋಸ್ಟ್ ಕಾರ್ಡಿನಲ್ಲಿ ತಮ್ಮ ಅಜ್ಜಿಗೆ ಬರೆದುಕೊಟ್ಟಿದ್ದಾರೆ.

ಸರಿ, ಅಜ್ಜಿಯ ಸಬ್ಬಕ್ಕಿಯ ವಿಷಯಕ್ಕೇ ಬರೋಣ. ಸಬ್ಬಕ್ಕಿ ಬೆಳೆಯುವ ಗಿಡವನ್ನು ಯಾರಾದರೂ ಕಂಡಿದ್ದೀರಾ? ಅಂಥ ಗಿಡವಿಲ್ಲ. ಮೂಲತಃ ಅದು ಆಗ್ನೇಯ ಏಷ್ಯಾದ ಜೌಗು ನೆಲದಲ್ಲಿ ಬೆಳೆಯುವ ಸಾಗೋ ಎಂಬ ತಾಳೆ ಜಾತಿಯ ಮರದ ತಿರುಳಿನಿಂದ ತೆಗೆದ ಹಿಟ್ಟಿನ ಕಾಳು. ಮಲಯ, ಸಿಂಗಪುರಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿತು. ಆಗ, 1943ರಲ್ಲಿ, ಸೇಲಂ ಪಟ್ಟಣದಲ್ಲಿ ಮಾಣಿಕ್ಕಂ ಚೆಟ್ಟಿಯಾರ್ ಮತ್ತು ಪೋಪಟ್‌ಲಾಲ್ ಷಾ ಎಂಬವರು ಸಾಗೋ ಮರದ ಬದಲು ಮರಗೆಣಸಿನ ಹಿಟ್ಟಿನಿಂದ ಅದೇ ತರಹದ ಕಾಳು ಮಾಡಲು ಆರಂಭಿಸಿದರು. ಗೆಡ್ಡೆಯ ಸಿಪ್ಪೆ ತೆಗೆದು, ಅರೆದು, ಹಾಲು ಹಿಂಡಿ, ಹಿಟ್ಟು ತಳಕ್ಕೆ ಇಳಿಯಲು ಬಿಟ್ಟು, ಆ ಒದ್ದೆ ಹಿಟ್ಟನ್ನು ತೊಟ್ಟಿಲಿನಂಥ ಬಟ್ಟೆಯಲ್ಲಿ ತೂಗಿದರೆ ಅದು ತಾನಾಗಿ ಕಾಳುಕಟ್ಟುತ್ತದೆ. ಆಮೇಲೆ ಬಿಸಿ ತಗಡಿನ ಮೇಲೆ ಹುರಿದು ಒಣಗಿಸುತ್ತಾರೆ. ಇಂದು ನಮ್ಮ ನಿಮ್ಮ ಮನೆಯ ಡಬ್ಬಿಯಲ್ಲಿರುವ ಸಬ್ಬಕ್ಕಿ ಬಹುಮಟ್ಟಿಗೆ ಆ ಸೇಲಂ ಸೀಮೆಯದು. 1981ರಲ್ಲಿ ಅಲ್ಲಿನ ತಯಾರಕರ ಸಹಕಾರ ಸಂಘ ಹುಟ್ಟಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಆ ಮರಗೆಣಸಾದರೂ ಎಲ್ಲಿಯದು? ದಕ್ಷಿಣ ಅಮೆರಿಕದ್ದು. ಬ್ರೆಜಿಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಕಾಡಿನಿಂದ ಹೊಲಕ್ಕೆ ತಂದ ಗೆಡ್ಡೆ. ಪೋರ್ಚುಗೀಸರ ಹಡಗುಗಳಲ್ಲಿ ಸಾಗರ ದಾಟಿತು. ನಮ್ಮ ಪಕ್ಕದ ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆ ಮದ್ದೆಂದು ಅದನ್ನು ಬೆಳೆಸಲು ಉತ್ತೇಜನ ಕೊಟ್ಟರು. ಬ್ರೆಜಿಲಿನ ಗೆಡ್ಡೆ, ಮಲಯದ ಕಾಳು, ಸೇಲಂನ ಕಾರ್ಖಾನೆ. ಇಷ್ಟೆಲ್ಲ ಸೇರಿ ಆದದ್ದು ‘ನಮ್ಮ’ ಸಬ್ಬಕ್ಕಿ ಪಾಯಸ! ಅಜ್ಜಿ ಅದನ್ನು ಮಾಡಿದ್ದು ನಿಜ, ಏಲಕ್ಕಿ ಹಾಕಿ ಹದವಾಗಿ ಮಾಡಿದ್ದೂ ನಿಜ. ಆ ಹದದ ಕೀರ್ತಿ ಅಜ್ಜಿಗೆ ಸಲ್ಲಲಿ. ಆದರೆ ಸಬ್ಬಕ್ಕಿ ಹಾಕಿದ ಜಗತ್ತಿನ ಪದಾರ್ಥಗಳೆಲ್ಲ ಅಜ್ಜಿಯ ಮನೆಯಿಂದಲೇ ಹೊರಟವು ಎಂದರೆ ಸ್ವತಃ ಅಜ್ಜಿಯೇ ನಕ್ಕಾಳು.

ಇದೇ ಊರಿನ ಇನ್ನೊಂದು ಸಂಗತಿಯನ್ನೂ ನೋಡಿ. ಆಷಾಢ ಏಕಾದಶಿಯಂದು ಮುಂಬಯಿಯ ಮನೆಮನೆಯಲ್ಲಿ ಸಾಬುದಾಣಾ ಖಿಚಡಿ ಬೇಯುತ್ತದೆ. ನೆರೆಹೊರೆಯ ಸಹವಾಸದಿಂದ ನಮ್ಮವರೂ ಮಾಡುತ್ತಾರೆ. ಅದು ಉಪವಾಸಕ್ಕೆ ನಡೆಯುತ್ತದೆ. ಅದರಲ್ಲಿರುವುದೇನು? ಸಬ್ಬಕ್ಕಿ, ಆಲೂಗಡ್ಡೆ, ಶೇಂಗಾ, ಹಸಿಮೆಣಸಿನಕಾಯಿ. ನಾಲ್ಕಕ್ಕೆ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸನಿಗೂ ಹಿಂದೆ ಪಂಢರಾಪುರಕ್ಕೆ ನಡೆದುಹೋದ ಯಾವ ವಾರಕರಿಯೂ ಆ ಖಿಚಡಿಯನ್ನು ಕಂಡಿರಲಾರ. ವಿಠ್ಠಲನೇ ಬೇಡವೆನ್ನದೆ ಒಪ್ಪಿಕೊಂಡಿದ್ದಾನೆ. ಸಮಿತಿಯ ಮಡಿ ವಿಠ್ಠಲನ ಮಡಿಗಿಂತ ಹೆಚ್ಚಿನದೇ?

ಈ ಚಹಾದಲ್ಲಿ ಭಾರತದ್ದು ಏನಾದರೂ ಇದ್ದೇ ಇರಬೇಕೆಂದು ಹಟ ಹಿಡಿಯುವವರಿಗೆ ನಾವೇ ಒಂದು ಸುಳಿವು ಕೊಡುತ್ತೇವೆ. ತೈವಾನ್ 1895ರಿಂದ 1945ರವರೆಗೆ ಜಪಾನೀಯರ ಆಳ್ವಿಕೆಯಲ್ಲಿತ್ತು. 1925ರಲ್ಲಿ ಅವರು ನಮ್ಮ ಅಸ್ಸಾಮಿನ ದೊಡ್ಡ ಎಲೆಯ ಚಹಾದ ಬೀಜ ತರಿಸಿ, ಅಲ್ಲಿನ ಸೂರ್ಯ ಚಂದ್ರ ಸರೋವರದ ಆಸುಪಾಸಿನಲ್ಲಿ ನೆಡಿಸಿದರು. ಲಿನ್ ಅವರು ಅಂದು ಉಂಡೆ ಸುರಿದುಕೊಂಡದ್ದು ಅಸ್ಸಾಂ ಚಹಾಕ್ಕೇ ಎಂದು ಆ ಅಂಗಡಿಯ ಕಥೆಯಲ್ಲೇ ಇದೆ. ಅಂದರೆ ನಮ್ಮ ನಂಟು ಲೋಟದ ತಳದಲ್ಲಿಲ್ಲ, ಅದರ ಮೇಲೆ ನಿಂತ ಚಹಾದಲ್ಲಿದೆ. ಹಿರಿಯರು ಹಗ್ಗದ ತಪ್ಪು ತುದಿ ಹಿಡಿದಿದ್ದಾರೆ. ಹಾಗೆಂದು ಅಸ್ಸಾಮಿನವರು ಯಾರೂ ಎದ್ದು ನಿಂತು ‘ಕಳ್ಳರು’ ಎಂದು ಕೂಗಿದ್ದನ್ನು ನಾವು ಕೇಳಿಲ್ಲ.

ಇನ್ನು ‘ರಬ್ಬರ್’ ಆಪಾದನೆ. ಇಲ್ಲಿ ನಮ್ಮ ಬಿ.ಎಸ್‌ಸಿ.ಗೆ ಅಪರೂಪಕ್ಕೆ ಕೆಲಸ ಸಿಕ್ಕಿದೆ. ಓದುಗರು ಒಂದೆರಡು ನಿಮಿಷ ಸಹಿಸಿಕೊಳ್ಳಬೇಕು. ಮರಗೆಣಸಿನ ಹಿಟ್ಟು ಅಪ್ಪಟ ಪಿಷ್ಟ. ತಣ್ಣೀರಿನಲ್ಲಿ ಅದು ಕರಗುವುದಿಲ್ಲ. ಅರವತ್ತು ಎಪ್ಪತ್ತು ಡಿಗ್ರಿ ಶಾಖ ತಗುಲಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಒಂದಕ್ಕೊಂದು ಹೆಣೆದುಕೊಂಡು ಅಂಟಾಗುತ್ತವೆ. ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆಯ ಸರಪಳಿಗಳಿರುತ್ತವೆ. ಮೊದಲನೆಯದು ನೆಟ್ಟಗೆ, ಎರಡನೆಯದು ಕವಲು ಕವಲಾಗಿ. ಮೆಕ್ಕೆಜೋಳದ ಪಿಷ್ಟಕ್ಕೆ ಹೋಲಿಸಿದರೆ ಮರಗೆಣಸಿನದರಲ್ಲಿ ನೆಟ್ಟಗಿನದು ಕಡಿಮೆ, ಕವಲಿನದು ಹೆಚ್ಚು. ಬೆಂದ ಮೇಲೆ ಅದು ಗಾಜಿನಂತೆ ಪಾರದರ್ಶಕವಾಗಿ, ಎಳೆದರೆ ಜಗ್ಗುವಂತಾಗುವುದು ಇದರಿಂದ. ನಾವು ಸಂಡಿಗೆ ಹಿಟ್ಟು ಕಾಯಿಸುವಾಗ ಬಿಳಿಯ ನೀರು ಥಟ್ಟನೆ ತಿಳಿಯಾಗಿ ಗಟ್ಟಿಯಾಗುವುದಿಲ್ಲವೇ, ಅದೇ ಕ್ರಿಯೆ. ಈ ಜಗ್ಗುವ ಗುಣಕ್ಕೆ ತೈವಾನಿನ ಜನ ‘ಕ್ಯೂ’ ಎನ್ನುತ್ತಾರೆ. ಬಹಳ ಚೆನ್ನಾಗಿದ್ದರೆ ‘ಕ್ಯೂ ಕ್ಯೂ’. ನಮ್ಮಲ್ಲಿ ಇಡ್ಲಿಗೆ ‘ಮಲ್ಲಿಗೆ’ ಎಂದು ಹೊಗಳುವುದಿಲ್ಲವೇ, ಹಾಗೆ. ಅಲ್ಲಿ ಹಲ್ಲಿಗೆ ಪುಟಿಯುವುದೇ ರುಚಿ, ಇಲ್ಲಿ ನಾಲಗೆಯ ಮೇಲೆ ಕರಗುವುದು ರುಚಿ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ರಬ್ಬರ್ ಎಂದೇ ತೋರುತ್ತದೆ.

ಅಂಗಡಿಯ ಗೋಲಿ ಮಾಡುವುದು ಸಬ್ಬಕ್ಕಿಗಿಂತ ಸುಲಭ. ಹಿಟ್ಟಿಗೆ ಕುದಿಯುವ ಸಕ್ಕರೆ ಪಾಕ ಹಾಕಿ ನಾದಿ, ಕಡಲೆಗಿಂತ ತುಸು ದೊಡ್ಡ ಉಂಡೆ ಕಟ್ಟಿ, ಅರ್ಧ ಗಂಟೆಯಷ್ಟು ಬೇಯಿಸಿ, ಪಾಕದಲ್ಲಿ ನೆನೆಹಾಕುತ್ತಾರೆ. ಕೆಲವೇ ಗಂಟೆಗಳಲ್ಲಿ ಖರ್ಚಾಗದಿದ್ದರೆ ಎಸೆಯಬೇಕು. ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ಕಲ್ಲಾಗುವ ಹಾಗೆ ಇದೂ ಗಟ್ಟಿಯಾಗಿಬಿಡುತ್ತದೆ. ರಬ್ಬರಾಗಿದ್ದರೆ ಅಂಗಡಿಯವನಿಗೆ ಆ ನಷ್ಟವೇ ಇರುತ್ತಿರಲಿಲ್ಲ.

ಕಲಬೆರಕೆ ನಡೆದೇ ಇಲ್ಲವೆಂದು ನಾವು ಹೇಳುವುದಿಲ್ಲ. 2013ರಲ್ಲಿ ತೈವಾನಿನಲ್ಲೇ ಮಲೇಯಿಕ್ ಆಮ್ಲ ಬೆರೆತ ಪಿಷ್ಟ ಪತ್ತೆಯಾಗಿ, ಇಂಥ ಗೋಲಿಗಳೂ ಸೇರಿದಂತೆ ಬಹಳಷ್ಟು ಮಾಲನ್ನು ಅಲ್ಲಿನ ಸರಕಾರ ಅಂಗಡಿಗಳಿಂದ ತೆಗೆಸಿತು. ಇತ್ತ ನಮ್ಮ ಸೇಲಂನಲ್ಲೂ ಸಬ್ಬಕ್ಕಿ ಬೆಳ್ಳಗೆ ಕಾಣಲೆಂದು ರಾಸಾಯನಿಕ ಬಳಸಿದವರ ಮೇಲೆ ಅಧಿಕಾರಿಗಳು ದಾಳಿ ಮಾಡಿದ್ದುಂಟು. ಕಲಬೆರಕೆಗೆ ದೇಶಭಾಷೆಗಳಿಲ್ಲ. ಆ ಕಾರಣಕ್ಕೆ ಮೇಳದಲ್ಲಿ ಗೋಲಿ ಚಹಾ ಬೇಡವೆಂದಾದರೆ ಸಬ್ಬಕ್ಕಿ ವಡೆಯ ಮಳಿಗೆಯನ್ನೂ ಮುಚ್ಚಿಸಬೇಕಾದೀತು. ಸಮಿತಿಯ ಖಜಾಂಚಿಗಳ ಶ್ರೀಮತಿಯವರೇ ಆ ಮಳಿಗೆ ನಡೆಸುವವರಾದ್ದರಿಂದ ಅದು ಆಗಲಾರದೆಂದು ನಮ್ಮ ಊಹೆ.

ಈ ಚಹಾವನ್ನು ಆಕ್ಷೇಪಿಸಲೇಬೇಕೆಂದಿದ್ದರೆ ಆಕ್ಷೇಪಿಸಲು ಬೇಕಾದಷ್ಟಿದೆ; ಹಿರಿಯರು ಅದನ್ನು ಮುಟ್ಟಲೇ ಇಲ್ಲ. ಸಕ್ಕರೆಯನ್ನು ನೋಡಿ. ಅಮೆರಿಕದಲ್ಲಿ ಲೆಕ್ಕ ಹಾಕಿದವರ ಪ್ರಕಾರ ಅರ್ಧ ಲೀಟರಿಗೂ ಸ್ವಲ್ಪ ಕಡಿಮೆಯ ಒಂದು ಲೋಟ ಹಾಲಿನ ಗೋಲಿ ಚಹಾದಲ್ಲಿ ಸುಮಾರು 38 ಗ್ರಾಂ ಸಕ್ಕರೆ, 300ರಷ್ಟು ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ವಯಸ್ಕನೊಬ್ಬ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಲೋಟದಲ್ಲೇ ಆ 25 ದಾಟಿಹೋಯಿತು. ಮಧುಮೇಹ ಮನೆಮನೆಯ ನೆಂಟನಾಗಿರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಗೋಲಿ ಬರೀ ಪಿಷ್ಟ. ಪೌಷ್ಟಿಕಾಂಶ ಹುಡುಕಿದರೂ ಸಿಗದು. ಎಷ್ಟೋ ಕಡೆ ಹಾಲಿನ ಬದಲು ಎಣ್ಣೆಯಿಂದ ಮಾಡಿದ ಬಿಳಿಯ ಪುಡಿ ಕಲಸುತ್ತಾರೆ. ಅಗಲ ಕೊಳವೆಯಲ್ಲಿ ರಭಸವಾಗಿ ಹೀರಿದ ಗೋಲಿ ಗಂಟಲಲ್ಲಿ ಸಿಕ್ಕಿಕೊಂಡರೆ ಚಿಕ್ಕ ಮಕ್ಕಳಿಗೆ ಉಸಿರು ಕಟ್ಟೀತೆಂದು 2012ರಲ್ಲಿ ಜರ್ಮನಿಯ ಸರಕಾರಿ ಆಹಾರ ತಜ್ಞರು ಎಚ್ಚರಿಸಿದ್ದರು. ಬೆಲೆಯಂತೂ ಹೇಳುವುದೇ ಬೇಡ. ಇಪ್ಪತ್ತು ರೂಪಾಯಿಯ ಸರಕಿಗೆ ಹತ್ತು ಪಟ್ಟು. ಇವಿಷ್ಟನ್ನು ಮುಂದಿಟ್ಟು ಸಮಿತಿ ‘ಇಲ್ಲ’ ಎಂದಿದ್ದರೆ ನಾವು ಲೇಖನಿ ಎತ್ತುತ್ತಿರಲಿಲ್ಲ. ಒಂದು ಮಾತು ಮಾತ್ರ ಅಂಗಡಿಯವರ ಪರವಾಗಿ ಹೇಳಬೇಕು. ಸಕ್ಕರೆ ಪೂರ್ತಿಯೋ, ಅರ್ಧವೋ, ಕಾಲೋ, ಬೇಡವೇ ಬೇಡವೋ ಎಂದು ಅವರು ಗಿರಾಕಿಯನ್ನು ಕೇಳುತ್ತಾರೆ. ನಮ್ಮ ಮದುವೆ ಊಟಗಳಲ್ಲಿ ಹೋಳಿಗೆ ಬಡಿಸುವವರು ಎಂದಾದರೂ ಹಾಗೆ ಕೇಳಿದ್ದುಂಟೇ?

ಹಾಗಾದರೆ ಮಕ್ಕಳು ಇದಕ್ಕೆ ಏಕೆ ಮುಗಿಬೀಳುತ್ತಾರೆ? ನಮ್ಮ ಮಗಳು ಹನ್ನೊಂದನೆಯ ತರಗತಿ. ಅವಳನ್ನೂ ಅವಳ ಗೆಳತಿಯರನ್ನೂ ಕೇಳಿ ನೋಡಿದೆವು. ಲೋಟದ ಬಾಯಿಗೆ ಬಿಗಿದ ಹಾಳೆಯನ್ನು ಕೊಳವೆಯಿಂದ ‘ಟಪ್’ ಎಂದು ಚುಚ್ಚುವ ಮಜಾ, ಕುಡಿಯುತ್ತಲೇ ಅಗಿಯುವ ಮಜಾ ಎಂದೆಲ್ಲ ಹೇಳಿದರು. ಕುಡಿಯುವ ಲೋಟದಲ್ಲಿ ಅಗಿಯುವ ಪದಾರ್ಥ ಇಡುವುದು ಮುಂಬಯಿಗೆ ಹೊಸತಲ್ಲ. ಇರಾನಿ ಹೋಟೆಲುಗಳ ಫಲೂದಾದಲ್ಲಿ ಶಾವಿಗೆ, ನೆನೆದ ಕಾಮಕಸ್ತೂರಿ ಬೀಜ ಎರಡನ್ನೂ ಅಗಿದು ನುಂಗಿದವರೇ ಇಂದು ಮೂಗು ಮುರಿಯುತ್ತಿರುವುದು. ಆದರೆ ಹುಡುಗಿಯರು ಕೊನೆಗೆ ಹೇಳಿದ ಮಾತು ನಮ್ಮನ್ನು ತಡೆದು ನಿಲ್ಲಿಸಿತು: ‘ಅಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನೋದಿಲ್ಲ, ಅಂಕಲ್.’

ಒಂದು ಕೋಣೆ ಒಂದು ಅಡುಗೆಮನೆಯ ಸಂಸಾರಗಳು ನಮ್ಮವು. ಹದಿನಾರು ವರ್ಷದ ಹುಡುಗಿ ನಾಲ್ವರು ಗೆಳತಿಯರನ್ನು ಕರೆದುಕೊಂಡು ಬಂದರೆ ಮನೆಯ ಹಿರಿಯರು ಮಲಗಲು ಎಲ್ಲಿ ಹೋಗಬೇಕು? ನಮ್ಮ ಉಡುಪಿ ಹೋಟೆಲುಗಳಲ್ಲಿ ಬಿಲ್ಲು ತಟ್ಟೆಯೊಂದಿಗೇ ಬರುತ್ತದೆ. ಪಕ್ಕದಲ್ಲಿ ಮೇಜಿಗಾಗಿ ಕಾಯುವವರು ನಿಂತಿರುತ್ತಾರೆ. ಹಿಂದಿನವರಿಗೆ ಇರಾನಿಯ ಅಮೃತಶಿಲೆಯ ಮೇಜಾದರೂ ಇತ್ತು. ಅವು ಒಂದೊಂದಾಗಿ ಬಾಗಿಲು ಹಾಕಿದವು. ತೈವಾನಿನಲ್ಲೂ ಈ ಚಹಾ ಬೆಳೆದದ್ದು ಶಾಲೆ ಕಾಲೇಜು ಬಿಟ್ಟ ಮಕ್ಕಳಿಂದ. 1990ರ ದಶಕದಲ್ಲಿ ಅಲ್ಲಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಕುಟುಂಬಗಳು ಲಾಸ್ ಏಂಜಲೀಸ್ ಸುತ್ತಮುತ್ತ ಇಂಥ ಅಂಗಡಿಗಳನ್ನು ತೆರೆದವು. ಮದ್ಯವಿಲ್ಲದ, ಸಂಜೆ ತಡವಾಗಿಯೂ ತೆರೆದಿರುವ, ಅಪ್ಪ ಅಮ್ಮ ಹೋಗಬೇಡ ಎನ್ನದ ಜಾಗ ಅದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ವಲಸಿಗರ ಮಕ್ಕಳು ತಮ್ಮಂಥವರನ್ನು ಕಂಡದ್ದು ಅಲ್ಲಿ. ಈ ವಾಕ್ಯವನ್ನು ಓದುವಾಗ ನಮ್ಮ ಓದುಗರಿಗೆ ತಮ್ಮ ಮನೆಯ ಮಕ್ಕಳ ನೆನಪಾಗದಿದ್ದರೆ ಆಶ್ಚರ್ಯ. ಸಂಘದ ಸಭಾಂಗಣಕ್ಕೆ ಹುಡುಗರು ಬರುವುದಿಲ್ಲವೆಂದು ಪ್ರತಿ ವಾರ್ಷಿಕ ಸಭೆಯಲ್ಲೂ ಕಣ್ಣೀರಿಡುತ್ತೇವೆ. ಈ ಸಲ ಅವರೇ ಅರ್ಜಿ ಬರೆದುಕೊಂಡು, ಅದೂ ಕನ್ನಡದಲ್ಲಿ ಬರೆದುಕೊಂಡು ಬಂದರು. ಕಾಗುಣಿತದ ತಪ್ಪುಗಳಿದ್ದುವಂತೆ. ತಪ್ಪು ತಿದ್ದಿಕೊಟ್ಟು ಅರ್ಜಿ ಮಂಜೂರು ಮಾಡಬಹುದಿತ್ತು.

ನಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ‘ಕದ್ದರು’ ಎಂಬ ಮಾತು. 2024ರ ಅಕ್ಟೋಬರಿನಲ್ಲಿ ಕೆನಡಾದ ದೂರದರ್ಶನದಲ್ಲಿ ಒಂದು ಪ್ರಸಂಗ ನಡೆಯಿತು. ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವವರ ಮುಂದೆ ತಮ್ಮ ಸರಕನ್ನು ಒಪ್ಪಿಸುವ ಕಾರ್ಯಕ್ರಮ ಅದು. ಕ್ವಿಬೆಕ್ ಪ್ರಾಂತದ ಕಂಪನಿಯೊಂದು ಈ ಚಹಾವನ್ನು ಬಾಟಲಿಯಲ್ಲಿ ತಂದು, ಅಂಗಡಿಯ ಚಹಾದಲ್ಲಿ ಏನಿರುತ್ತದೋ ಯಾರಿಗೂ ಗೊತ್ತಿಲ್ಲ, ತಾವು ಅದನ್ನು ಸುಧಾರಿಸಿದ್ದೇವೆ, ಇನ್ನು ಅದು ಒಂದು ಜನಾಂಗದ ವಸ್ತುವಲ್ಲ ಎಂಬರ್ಥದಲ್ಲಿ ಮಾತನಾಡಿತು. ಅಲ್ಲಿ ಅತಿಥಿಯಾಗಿದ್ದ ಚೀನೀ ಮೂಲದ ನಟ ಸಿಮು ಲಿಯು ಆಕ್ಷೇಪಿಸಿದರು: ಏಷ್ಯಾದ ಜನರದೇ ಆದ ಒಂದನ್ನು ಅವರನ್ನು ಬಿಟ್ಟು ‘ಸುಧಾರಿಸುವುದು’ ಸರಿಯೇ ಎಂದು. ಊರೆಲ್ಲ ಗದ್ದಲವಾಯಿತು. ಬಂಡವಾಳ ಹೂಡಲು ಮೊದಲು ಒಪ್ಪಿದ್ದ ಭಾರತೀಯ ಮೂಲದ ಉದ್ಯಮಿ ಮಂಜಿತ್ ಮಿನ್ಹಾಸ್ ಹಿಂದೆ ಸರಿದರು. ಕಂಪನಿ ಕ್ಷಮೆ ಕೇಳಿತು. ಮಾಡಿದವರು ಕೊಳಕರು, ಮಾಲು ಮಾತ್ರ ನಮ್ಮದು ಎಂಬ ಆ ಕಂಪನಿಯ ವಾದಕ್ಕೂ ನಮ್ಮ ಹಿರಿಯರ ಪತ್ರಕ್ಕೂ ಎಷ್ಟು ಅಂತರ?

ನಾವಾದರೂ ಯಾರು? ಈ ಮಹಾನಗರದಲ್ಲಿ ಒಂದು ತಲೆಮಾರಿನ ಹುಡುಗರು ಉಡುಪಿ, ಕುಂದಾಪುರದ ಹಳ್ಳಿಗಳಿಂದ ಬಂದು, ಹಗಲು ಹೋಟೆಲಿನ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಗಲ್ಲಿಗಲ್ಲಿಗೂ ದೋಸೆ ಇಡ್ಲಿಯ ರುಚಿ ಹತ್ತಿಸಿದರು. ಆ ದೋಸೆಗೆ ಊರು ಇಟ್ಟ ಹೆಸರೇನು? ‘ಮದ್ರಾಸಿ ಖಾನಾ’! ಮೈಸೂರಿನ ಹೆಸರು ಹೊತ್ತ ಮಸಾಲೆ ದೋಸೆಯೊಂದು ಇಲ್ಲಿನ ಬೀದಿಗಳಲ್ಲಿ ಬೆಣ್ಣೆ, ಬೀಟ್‌ರೂಟು, ಪಾವ್‌ಭಾಜಿಯ ಮಸಾಲೆಗಳಲ್ಲಿ ಮುಳುಗಿ ಬರುತ್ತದೆ. ಮೈಸೂರಿನಿಂದ ಬಂದ ನೆಂಟರು ಅದನ್ನು ಗುರುತಿಸಲಾರದೆ ನಮ್ಮ ಮುಖ ನೋಡುತ್ತಾರೆ. ‘ಉಡುಪಿ’ ಎಂಬ ಬೋರ್ಡು ಉಡುಪಿಯನ್ನು ನಕ್ಷೆಯಲ್ಲೂ ಕಾಣದವರ ಅಂಗಡಿಯ ಮೇಲಿದೆ. ಲೋಕಲ್ ಗಾಡಿಯಲ್ಲಿ ಯಾರಾದರೂ ‘ನೀವು ಮದ್ರಾಸಿಗಳು’ ಎಂದರೆ ನಮ್ಮ ಕಣ್ಣು ಕೆಂಪಾಗುತ್ತದೆ. ಅದೇ ಬಾಯಿಯಿಂದ ನಾವು ತೈವಾನಿನವರನ್ನು ಚೀನೀಯರೆನ್ನುತ್ತೇವೆ, ಮೇಲೆ ಕಳ್ಳರೆನ್ನುತ್ತೇವೆ. ಹೆಸರು ಕಳೆದುಕೊಂಡವರ ನೋವು ನಮಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು?

ಆದ್ದರಿಂದ ಹುಡುಗರೊಂದಿಗೆ ಕುಳಿತು ಹೊಸ ಅರ್ಜಿಯೊಂದನ್ನು ಸಿದ್ಧಪಡಿಸಿದ್ದೇವೆ. ಮಳಿಗೆಯ ಬೋರ್ಡಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ‘ತೈವಾನಿನ ಮುತ್ತಿನ ಚಹಾ’ ಎಂದಿರುತ್ತದೆ. ಕೆಳಗೆ ತೈಚುಂಗ್, ತೈನಾನ್ ಎರಡು ಊರುಗಳ ಹೆಸರು, ಅಲ್ಲಿನವರ ಜಗಳದಲ್ಲಿ ನಾವು ಪಕ್ಷ ವಹಿಸದಂತೆ. ಸಕ್ಕರೆ ಅರ್ಧಕ್ಕಿಂತ ಹೆಚ್ಚಿಲ್ಲ. ಪುಡಿ ಬೇಡ, ಡೈರಿ ಹಾಲು. ಐದು ವರ್ಷದೊಳಗಿನ ಮಕ್ಕಳಿಗೆ ಗೋಲಿ ಹಾಕದ ಚಹಾ ಮಾತ್ರ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕೊಳವೆಗೆ ದೇಶದಾದ್ಯಂತ ನಿಷೇಧವಿದೆ, ಕಾಗದದ್ದು ಅರ್ಧ ಲೋಟಕ್ಕೇ ಮೆತ್ತಗಾಗುತ್ತದೆ. ಹಾಗಾಗಿ ಸಂಘದ ಸ್ಟೀಲ್ ಲೋಟ ಮತ್ತು ಪಾಯಸದ ಚಮಚ. ಬೆಲೆ ನಲವತ್ತು ರೂಪಾಯಿ. ಪಕ್ಕದಲ್ಲೇ ಸಬ್ಬಕ್ಕಿ ಪಾಯಸವನ್ನೂ ಇಡುತ್ತಾರೆ. ಪತ್ರ ಬರೆದ ಹಿರಿಯರ ಮನೆಯವರೇ ಅದನ್ನು ಮಾಡಿಕೊಡಲು ಒಪ್ಪಿದ್ದಾರೆ.

ಸಮಿತಿಯ ಮುಂದಿನ ಸಭೆ ಎರಡನೆಯ ಶನಿವಾರ ಸಂಜೆ ಐದಕ್ಕೆ. ಸದಸ್ಯರು ಕುಡಿದು ನೋಡಿಯೇ ಮತ ಹಾಕಲೆಂದು ಹುಡುಗರು ಸಾಮಾನು ತರುತ್ತಿದ್ದಾರೆ. ಗೋಲಿ ಬೇಯಲು ಅರ್ಧ ಗಂಟೆ ಹಿಡಿಯುವುದರಿಂದ ಅಡುಗೆಮನೆಯ ಬೀಗದ ಕೈಯನ್ನು ನಾಲ್ಕೂಕಾಲಿಗೇ ಕೊಡಿಸಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.